ಬ್ಯಾರನ್ನಿನಲ್ಲಿ ಬೆಂದ ಬೂಟು

ನನ್ನ ಕಾಲು ನಾರುತ್ತದೆ. ಐವತ್ತು ದಾಟಿದ ಮನುಷ್ಯ ಬರೆದುಕೊಳ್ಳುವ ವಿಷಯವಾ ಇದು ಎಂದು ಯಾರಾದರೂ ಹುಬ್ಬೇರಿಸಿದರೆ ಏರಿಸಲಿ. ಇದಕ್ಕಿಂತ ಹೆಚ್ಚು ನಾರುವ ಸಂಗತಿಯೊಂದು ನನ್ನ ಬಳಿ ಇದೆ. ಅದನ್ನು ಹೇಳಬೇಕಾದರೆ ಕಾಲಿನಿಂದಲೇ ಶುರು ಮಾಡಬೇಕು.

ಎಲ್ಲಕ್ಕೂ ಮೂಲ ಒಂದು ಜೊತೆ ಬೇಟೆ ಬೂಟು. ನಾನು ಹಾಸನದ ಒಂದು ಕಚೇರಿಯಲ್ಲಿ ಕಡತ ನೋಡುವವನು. ಈ ಜನ್ಮದಲ್ಲಿ ನಾನು ಬೇಟೆಯಾಡಿರುವುದು ಸೊಳ್ಳೆಯನ್ನು ಮಾತ್ರ, ಅದೂ ಕರೆಂಟ್ ಬ್ಯಾಟ್ ಹಿಡಿದು. ಆದರೆ ಅರಕಲಗೂಡಿನ ಹತ್ತಿರದ ಹಳ್ಳಿಯೊಂದಕ್ಕೆ ನನ್ನ ತಂಗಿಯನ್ನು ಕೊಟ್ಟಿದ್ದೇವೆ. ಅವರದು ತಂಬಾಕು, ಶುಂಠಿ, ಮುಸುಕಿನ ಜೋಳದ ಬೇಸಾಯ. ರಜ ಬಂತೆಂದರೆ ನಾನು ಅಲ್ಲಿಗೆ ಓಡುತ್ತಿದ್ದೆ. ಒಂದು ಸಲ ಜೋಳದ ಹೊಲದಲ್ಲಿ ಹಾವೊಂದು ನನ್ನ ಚಪ್ಪಲಿಯ ಪಕ್ಕದಲ್ಲೇ ಸರಿದುಹೋಯಿತು. ಅದು ಅದರ ಪಾಡಿಗೆ ಹೋಯಿತು, ನಾನು ಕಿರುಚಿದ್ದು ಮಾತ್ರ ಊರಿಗೆಲ್ಲ ಕೇಳಿತು. ಆ ವಾರವೇ ಮೊಬೈಲಿನಲ್ಲಿ ಹುಡುಕಿ ಬೂಟು ತರಿಸಿದೆ. ಮೊಣಕಾಲ ಹತ್ತಿರದವರೆಗೆ ಬರುವ, ದಪ್ಪ ರಬ್ಬರ್ ಅಟ್ಟೆಯ, ಕಂದು ಬಣ್ಣದ ಬೂಟು. ಜಾಹೀರಾತಿನಲ್ಲಿ ಅದನ್ನು ಹಾಕಿಕೊಂಡವನು ಬಂದೂಕು ಹಿಡಿದು ಗುಡ್ಡದ ಮೇಲೆ ನಿಂತಿದ್ದ. ನಿಜ ಹೇಳಬೇಕೆಂದರೆ ಹಾವಿನ ಭಯಕ್ಕಿಂತ ಆ ನಿಲುವಿಗೆ ನಾನು ಬಿದ್ದುಹೋಗಿದ್ದೆ.

ಮೊದಲ ದಿನ ಹಾಕಿಕೊಂಡು ತಂಗಿಯ ಮನೆಯಂಗಳಕ್ಕೆ ಇಳಿದಾಗ ತಂಬಾಕಿನ ಸೊಪ್ಪು ಕಟ್ಟುತ್ತಿದ್ದ ಹೆಂಗಸರು ಒಬ್ಬರಿಗೊಬ್ಬರು ಮೊಣಕೈಯಲ್ಲಿ ತಿವಿದುಕೊಂಡರು. ಅವರಲ್ಲಿ ಬಾಯಿ ಜೋರಾದವಳೊಬ್ಬಳು, "ಏನ್ ಸಾ, ಉಲಿ ಒಡ್ಯಾಕ್ ಒಂಟ್ರಾ?" ಎಂದಳು. ನಾನು ಗಂಭೀರವಾಗಿ ನಕ್ಕೆ.

ಮಳೆಗಾಲ. ಹೊಲದ ಕೆಸರು, ಬೂಟಿನೊಳಗೆ ಬೆವರು, ಮೇಲಿಂದ ಜಡಿಮಳೆ. ಮೂರನೆಯ ವಾರಕ್ಕೆ ನಮ್ಮ ಹಾಸನದ ಮನೆಯಲ್ಲಿ ಹೆಂಡತಿ ಸತ್ತ ಇಲಿ ಹುಡುಕತೊಡಗಿದಳು. ಎರಡು ದಿನ ಮಂಚ ಎಳೆದಳು, ಬೀರು ಸರಿಸಿದಳು, ಅಟ್ಟದ ಮೇಲಿನ ಪಾತ್ರೆಯನ್ನೆಲ್ಲ ಇಳಿಸಿದಳು. ಮೂರನೆಯ ದಿನ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಬಗ್ಗಿದವಳು ಹಾಗೇ ಹಿಂದಕ್ಕೆ ಹಾರಿದಳು. "ಇಲಿ ಸತ್ತಿಲ್ಲ ಕಣ್ರೀ, ನಿಮ್ಮ ಬೂಟ್ ಸತ್ತಿದೆ" ಎಂದಳು.

ಆಮೇಲೆ ಶುರುವಾಯಿತು ನನ್ನ ವೈದ್ಯ. ಅಡುಗೆ ಸೋಡಾ ಸುರಿದೆ. ನುಸಿ ಗುಳಿಗೆ ಹಾಕಿದೆ. ಬೇವಿನ ಸೊಪ್ಪು ತುರುಕಿದೆ. ಕರ್ಪೂರ ಪುಡಿ ಮಾಡಿ ಉದುರಿಸಿದೆ, ಬೂಟಿನೊಳಗೆ ಮೂಗಿಟ್ಟರೆ ದೇವಸ್ಥಾನದ ಹಿಂದೆ ಏನೋ ಕೊಳೆತ ಹಾಗಿತ್ತು. ಮೊಬೈಲಿನಲ್ಲಿ ಯಾರೋ ಫ್ರಿಜ್ಜಿನಲ್ಲಿಟ್ಟರೆ ವಾಸನೆ ಸಾಯುತ್ತದೆ ಎಂದಿದ್ದ. ಕವರಿನಲ್ಲಿ ಸುತ್ತಿ ಐಸ್ ಕಟ್ಟುವ ಖಾನೆಯಲ್ಲಿಟ್ಟೆ. ಹೆಂಡತಿ ಬಟಾಣಿ ಪೊಟ್ಟಣ ತೆಗೆಯಲು ಹೋಗಿ ಬೂಟು ಎಳೆದುಕೊಂಡಳು. ಅವತ್ತಿನ ರಾಮಾಯಣ ಬೇಡ ಬಿಡಿ. ಅವಳಿಗೆ ನಾನು ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ.

ಸರಿಯಾದ ಮದ್ದು ಹೇಳಿದವನು ಒಬ್ಬನೇ, ಬ್ಯಾರನ್ ತಾತ. ಬ್ಯಾರನ್ ಎಂದರೆ ತಂಬಾಕಿನ ಸೊಪ್ಪು ಬೇಯಿಸುವ ಎತ್ತರದ ಗೂಡು. ಕಡ್ಡಿಗೆ ಕಟ್ಟಿದ ಹಸಿರು ಸೊಪ್ಪನ್ನು ಅದರೊಳಗೆ ಸಾಲುಸಾಲಾಗಿ ನೇತುಹಾಕಿ ಬಾಗಿಲು ಮುಚ್ಚುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ಒಳಗೆ ನೆಲದ ಮೇಲೆ ಹಾಯುವ ತಗಡಿನ ಪೈಪು ಕಾದು ಸೊಪ್ಪು ನಿಧಾನವಾಗಿ ಹಳದಿಗೆ ತಿರುಗುತ್ತದೆ, ಆಮೇಲೆ ಒಣಗುತ್ತದೆ. ಐದಾರು ದಿನ ಹಗಲಿರುಳು ಒಲೆ ಕಾಯಬೇಕು. ಎಷ್ಟು ಹೊತ್ತಿಗೆ ಎಷ್ಟು ಉರಿ ಎನ್ನುವುದು ಎಲ್ಲರ ಕೈಗೂ ಹತ್ತುವುದಿಲ್ಲ. ತಾತ ಎಲೆಯ ನಡುದಂಟನ್ನು ಮುರಿದು ಅದರ ಸದ್ದು ಕೇಳಿಯೇ ಉರಿ ಏರಿಸುತ್ತಿದ್ದ, ಇಳಿಸುತ್ತಿದ್ದ. ತಂಗಿಯ ಮನೆಯಲ್ಲದೆ ಸುತ್ತಲಿನ ಮೂರು ನಾಲ್ಕು ಮನೆಯವರು ಅವನ ಕೈಗುಣ ನಂಬಿ ಸರದಿಯಲ್ಲಿ ಕರೆಸಿಕೊಳ್ಳುತ್ತಿದ್ದರು. ಮಗಳು ಮದುವೆಯಾಗಿ ಹೋಗಿ, ಹೆಂಡತಿ ಸತ್ತ ಮೇಲೆ ಅವನಿಗೆ ಇದ್ದದ್ದು ಆ ಹೆಸರೊಂದೇ.

ಒಂದು ಶನಿವಾರ ನಾನು ಅಂಗಳದಲ್ಲಿ ಬೂಟು ಬಿಚ್ಚಿದೆ. ಸೊಪ್ಪು ಕಟ್ಟುತ್ತಿದ್ದ ಹೆಂಗಸರೆಲ್ಲ ಒಟ್ಟಿಗೇ ಸೆರಗು ಮೂಗಿಗೆ ಒತ್ತಿಕೊಂಡರು. ತಾತ ಹತ್ತಿರ ಬಂದು ಮೆಲ್ಲಗೇ ಹೇಳಿದ:

"ಸಾ, ಬ್ಯಾಜಾರ್ ಮಾಡ್ಕಬ್ಯಾಡಿ, ಒಂದ್ ಮಾತ್ ಯೋಳ್ತೀನಿ. ಒಳಗಿನ್ ಅಟ್ಟೆ ಕಿತ್ತು ಬ್ಯಾರೆ ಒಣಗಾಕಿ. ಬೂಟಿಗೆ ಪೇಪರ್ ತುರ್ಕಿ ಗಾಳಿಗೆ ಮಡ್ಗಿ. ಎಲ್ಡ್ ದಿನ ಆಕ್ಕಬ್ಯಾಡಿ. ವದ್ದೆ ಇರಾದ್ಕೇ ಕಣ ಅದು ನಾರಾದು."

ಅವನು ಮೆಲ್ಲಗೇ ಹೇಳಿದರೂ ಹೆಂಗಸರಿಗೆ ಕೇಳಿತು. ಯಾರೋ ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಒಲೆ ಕಾಯುವವನು ನನ್ನ ಕಾಲು ನಾರುತ್ತದೆ ಎಂದು ಹತ್ತು ಜನರೆದುರು ಹೇಳುವುದೇ!

"ನಿನ್ನ ಒಲೆ ನೀನು ನೋಡ್ಕೊ. ನನ್ನ ಬೂಟು ನಾನು ನೋಡ್ಕೊತೀನಿ" ಎಂದೆ.

ತಾತ "ಆಗ್ಲಿ ಸಾ" ಎಂದು ಹೋದ. ಅವನು ಹೇಳಿದಷ್ಟನ್ನು ಅವತ್ತು ಮಾಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಆ ಮಧ್ಯಾಹ್ನ ನಾವೆಲ್ಲ ಹೊಳೆನರಸೀಪುರಕ್ಕೆ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೊರಟಿದ್ದೆವು. ಹೊರಡುವ ಮುಂಚೆ ನನಗೊಂದು ಬುದ್ಧಿ ಹೊಳೆಯಿತು. ನಾನು ಅದನ್ನು ಬುದ್ಧಿ ಎಂದೇ ತಿಳಿದಿದ್ದೆ. ಹೊರಗೆ ಮಳೆ, ಬಿಸಿಲಿನ ಸುಳಿವಿಲ್ಲ. ಬ್ಯಾರನ್ನಿನೊಳಗೆ ಬೆಚ್ಚಗಿನ ಶಾಖ ಬಿಟ್ಟಿ ಸಿಗುತ್ತಿದೆ. ಹಸಿ ತಂಬಾಕು ಒಣಗುವುದಾದರೆ ಬೂಟು ಒಣಗುವುದಿಲ್ಲವೇ? ತಾತ ಟೀ ಕುಡಿಯಲು ಹೋದಾಗ ಬ್ಯಾರನ್ನಿನ ಬಾಗಿಲು ಸರಿಸಿ, ಒಳಗೆ ಗೋಡೆಯ ಮೊಳೆಗೆ ಬೂಟುಗಳನ್ನು ಲೇಸಿನಿಂದ ನೇತುಹಾಕಿ, ಬಾಗಿಲು ಮುಚ್ಚಿ ಬಂದೆ. ಸಂಜೆಗೆ ವಾಪಸು ಬಂದು ತೆಗೆದುಕೊಂಡರಾಯಿತು ಅಂದುಕೊಂಡೆ. ಅವನ ಮಾತಿಲ್ಲದೆ ನಾನೇ ವಾಸನೆ ಓಡಿಸಿದೆ ಎಂದು ತೋರಿಸುವ ಚಪಲವೂ ಇತ್ತು.

ಹೊಳೆನರಸೀಪುರದಲ್ಲಿ ನೆಂಟರು ಬಿಡಲಿಲ್ಲ, ಅಲ್ಲೇ ಉಳಿದೆವು. ಬೂಟಿನ ನೆನಪು ನನಗೆ ಆಗಲೇ ಇಲ್ಲ. ಮಾರನೆಯ ದಿನ ಊಟದ ಹೊತ್ತಿಗೆ ನನ್ನ ಕಾರು ತಂಗಿಯ ಮನೆಯ ದಾರಿಗೆ ತಿರುಗುತ್ತಲೇ ಸುಟ್ಟ ರಬ್ಬರಿನ ವಾಸನೆ ಮುಖಕ್ಕೆ ಬಡಿಯಿತು. ಬೂಟು ನೆನಪಾದದ್ದು ಆಗ.

ಇಲ್ಲಿ ಒಂದು ಮಾತು ಹೇಳಬೇಕು. ಮಳೆಗಾಲದಲ್ಲಿ ಸೌದೆ ಹಸಿಯಾಗಿರುತ್ತದೆ. ಒಲೆ ಬೇಗ ಹತ್ತಲಿ ಎಂದು ಕೆಲವರು ಹಳೇ ಟೈರಿನ ಚೂರು ಹಾಕುತ್ತಾರೆ. ಸೊಪ್ಪು ಆ ವಾಸನೆ ಹೀರಿಕೊಂಡರೆ ಮುಗಿಯಿತು, ಹರಾಜು ಕಟ್ಟೆಯಲ್ಲಿ ಮೂಸಿದವರು ಮುಟ್ಟದೆ ಮುಂದಕ್ಕೆ ಹೋಗುತ್ತಾರೆ. ಅದಕ್ಕೇ ತಂಗಿಯ ಗಂಡ ಟೈರು ಎಂದರೆ ಕೆಂಡವಾಗುತ್ತಿದ್ದರು. ನಾನು ಅವರನ್ನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ.

ಭಾವ ಕಾರು ನಿಲ್ಲುವ ಮೊದಲೇ ಹಾರಿ ಒಲೆಯ ಕಡೆ ಓಡಿದರು. ತಾತ ಆಗಲೇ ಉರಿ ಎಳೆದುಹಾಕಿ, ಮೇಲಿನ ಕಿಂಡಿಗಳನ್ನೆಲ್ಲ ತೆರೆದಿದ್ದ. ಇನ್ನೇನೂ ಮಾಡಲು ತೋಚದೆ ಜಗಲಿಯ ತುದಿಯಲ್ಲಿ ಊಟಕ್ಕೆ ಕೂತಿದ್ದ. ಭಾವ ಕೋಲು ಹಿಡಿದು ಒಲೆಯ ಬೂದಿ ಕೆದಕುತ್ತ ಟೈರಿನ ತಂತಿ ಹುಡುಕುತ್ತಿದ್ದಾಗ ನಾನು ಬ್ಯಾರನ್ನಿನ ಇನ್ನೊಂದು ಬದಿಯ ಬಾಗಿಲಿನಿಂದ ಒಳಗೆ ನುಗ್ಗಿದೆ. ಬಿಸಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಲೇಸು ಕಳಚಿ ಒಂದು ಬೂಟು ಪೈಪಿನ ಮೇಲೆ ಬಿದ್ದು ಅಟ್ಟೆ ಕರಗಿ ಅಂಟಿಕೊಂಡಿತ್ತು. ಕಿತ್ತೆ. ಎರಡನ್ನೂ ಗೋಣಿಚೀಲಕ್ಕೆ ಹಾಕಿ ಕಾರಿನ ಡಿಕ್ಕಿಗೆ ಎಸೆದು ಬಾಗಿಲು ಹಾಕಿದೆ. ಇಷ್ಟೂ ಮಾಡುವಾಗ ನನಗೆ ಸೊಪ್ಪಿನ ಚಿಂತೆಯೂ ಇರಲಿಲ್ಲ, ತಂಗಿಯ ಚಿಂತೆಯೂ ಇರಲಿಲ್ಲ. ಬೂಟು ಯಾರಿಗೂ ಕಾಣಬಾರದು, ಅಷ್ಟೇ.

"ಟೈರ್ ಆಕಿಲ್ಲ ಕಣ್ ಗೌಡ್ರೇ. ನನ್ ತಾಯಾಣೆ" ಎನ್ನುತ್ತಿದ್ದ ತಾತ.

"ಇನ್ನೇನ್ ಆಕಾಶದಿಂದ ಬಂತಾ ವಾಸ್ನೆ?" ಭಾವ ಕೂಗಿದರು. ಸೊಪ್ಪು ಕಟ್ಟುವ ಹೆಂಗಸರೆಲ್ಲ ನಿಂತು ನೋಡುತ್ತಿದ್ದರು. ಭಾವ ನನ್ನ ಕಡೆ ತಿರುಗಿದರು. "ಭಾವ, ನೀವೇ ಮೂಸಿ ಯೋಳಿ. ಇದು ಏನ್ ವಾಸ್ನೆ?"

ಸುಮ್ಮನಿದ್ದರೂ ಆಗುತ್ತಿತ್ತು. ಗೊತ್ತಾಗುತ್ತಿಲ್ಲ ಎಂದರೂ ಆಗುತ್ತಿತ್ತು. ನಾನು ಮೂಗರಳಿಸಿ, ಯೋಚನೆ ಮಾಡಿದವನ ಹಾಗೆ ನಟಿಸಿ, "ಟೈರಿನ ವಾಸನೆ ಇದ್ದಂಗಿದೆ" ಎಂದೆ.

ತಾತ ನನ್ನನ್ನು ನೋಡಿದ.

ತಂಗಿ ಒಳಗಿನಿಂದ ಬಂದಳು. ಸಿಟ್ಟಿನಲ್ಲಿ ಅವಳ ಮುಖ ಕೆಂಪಾಗಿತ್ತು. "ಏಳು ತಾತ. ಉಂಡ ಮನೆಗೆ ಇಂಗ್ ಮಾಡ್ದೋನಿಗೆ ಅನ್ನ ಇಕ್ಕಕಾಗಲ್ಲ ನನ್ಗೆ. ಏಳು" ಎಂದಳು. ತಾತನ ಮುಂದೆ ಮುದ್ದೆ ಅರ್ಧ ಉಳಿದಿತ್ತು. ನಮ್ಮ ಕಡೆ ಹಗೆಯಾದವನನ್ನೂ ಉಣ್ಣುವ ತಟ್ಟೆಯಿಂದ ಯಾರೂ ಎಬ್ಬಿಸುವುದಿಲ್ಲ. ಅವನು ಎದ್ದ, ಕೈ ತೊಳೆದ, ಟವೆಲು ಹೆಗಲಿಗೆ ಹಾಕಿಕೊಂಡು ಮಳೆಯಲ್ಲಿ ಹೋದ. ಸ್ವಲ್ಪ ಹೊತ್ತಿಗೆ ತಂಗಿ ನನಗೆ ಬಡಿಸಿದಳು. ಬಸ್ಸಾರು, ಬಿಸಿ ಮುದ್ದೆ. "ಇನ್ನೊಂದ್ ಮುದ್ದೆ ಇಕ್ಲಾ ಅಣ್ಣ?" ಎಂದು ಎಂದಿನಂತೆ ಕೇಳಿದಳು. ನಾನು ಹೂಂ ಎಂದೆ. ಥೂ, ಎರಡು ಮುದ್ದೆ ಉಂಡೆ ನಾನು ಅವತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಸೊಪ್ಪು ಇಳಿಸುವ ದಿನ ಕಚೇರಿಗೆ ರಜ ಹಾಕಿ ಹೋದೆ. ಸಹಾಯ ಮಾಡುತ್ತೇನೆಂದು ಎಲ್ಲರಿಗಿಂತ ಮೊದಲು ಒಳಗೆ ಹೊಕ್ಕು, ಪೈಪಿಗೆ ಅಂಟಿದ್ದ ಕರಿಯ ಗಂಟನ್ನು ಕುಡುಗೋಲಿನಲ್ಲಿ ಕೆರೆದು ಜೇಬಿಗೆ ಹಾಕಿಕೊಂಡೆ. ಬೆವೆತು ಹೊರಗೆ ಬಂದ ನನ್ನನ್ನು ನೋಡಿ ತಂಗಿ ಗಂಡನಿಗೆ ಹೇಳಿದಳು, "ನೋಡಿ, ನಮ್ಮಣ್ಣ ಅಂದ್ರೆ ಇಂಗೆ." ನೆಲ ಬಿರಿಯಬಾರದೇ ಎನಿಸಿತು. ಆ ಸೊಪ್ಪನ್ನು ಹರಾಜು ಕಟ್ಟೆಯಲ್ಲಿ ಯಾರೂ ಕೂಗಲಿಲ್ಲ, ಗಾಡಿಯಲ್ಲಿ ವಾಪಸು ಬಂತು.

ಬೂಟು ಬಿಸಾಡಬೇಕೆಂದು ಎಷ್ಟೋ ಸಲ ಹೋದೆ. ಹೇಮಾವತಿ ನಾಲೆಯ ಮೇಲೆ ಕಾರು ನಿಲ್ಲಿಸಿ ಡಿಕ್ಕಿ ತೆಗೆಯುವುದು, ಮತ್ತೆ ಮುಚ್ಚುವುದು. ಯಾಕೆ ಬಿಸಾಡಲಿಲ್ಲ ಎಂದು ಕೇಳಿದರೆ ನನಗೂ ಸರಿಯಾಗಿ ಗೊತ್ತಿಲ್ಲ. ಚೀಲ ಕಾರಿನಲ್ಲೇ ಉಳಿಯಿತು. ಕಾರು ಹತ್ತಿದವರೆಲ್ಲ ಎಲ್ಲೋ ವೈರು ಸುಟ್ಟಿದೆ, ಗ್ಯಾರೇಜಿಗೆ ತೋರಿಸಿ ಎನ್ನುತ್ತಿದ್ದರು. ತೋರಿಸುತ್ತೇನೆ ಎನ್ನುತ್ತಿದ್ದೆ. ಒಂದು ತಮಾಷೆ ಎಂದರೆ, ಕಾಲಿನ ನಾತ ಮಾತ್ರ ಬೂಟಿನಿಂದ ಪೂರ್ತಿ ಹೋಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಕಚೇರಿ ಕೆಲಸಕ್ಕೆ ಚನ್ನರಾಯಪಟ್ಟಣಕ್ಕೆ ಹೋಗಿದ್ದೆ. ಊರಾಚೆ ರಸ್ತೆ ಬದಿಯಲ್ಲಿ ತೆಂಗಿನಕಾಯಿಯ ದೊಡ್ಡ ರಾಶಿ. ಅದರ ಪಕ್ಕ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಸುಲಿಯುತ್ತಿದ್ದವನ ಬೆನ್ನು ಕಂಡು ಬ್ರೇಕು ಹಾಕಿದೆ. ತಾತ. ಮಗಳನ್ನು ಆ ಊರಿಗೆ ಕೊಟ್ಟಿದ್ದಾನೆಂದು ಕೇಳಿದ್ದೆ. ಎಪ್ಪತ್ತರ ಹತ್ತಿರದವನು ಒಂದೊಂದು ಕಾಯಿಗೂ ಪೂರ್ತಿ ಮೈಭಾರ ಹಾಕುತ್ತಿದ್ದ.

"ಬ್ಯಾರನ್ ಕೆಲಸ ಬಿಟ್ಟುಬಿಟ್ಟಾ ತಾತ?" ಎಂದೆ. ಕೇಳಬಾರದ ಪ್ರಶ್ನೆ. ಬಾಯಿಗೆ ಬಂದದ್ದು ಅದೇ.

"ಟೈರ್ ಸುಡೋನ್ನ ಯಾರ್ ಕರೀತಾರೆ ಸಾ?" ಎಂದ. ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಅವತ್ತಿಂದ ಒಬ್ರೂ ಕರೀನಿಲ್ಲ. ಮಾತ್ ಕೊಟ್ಟಿದ್ದೋರೂ ಬ್ಯಾಡ ಅಂದ್ಬುಟ್ರು." ಆಮೇಲೆ ಬಗ್ಗಿ ನನ್ನ ಕಾಲಿನ ಕಡೆ ನೋಡಿದ. ಕಚೇರಿಯ ಕರಿ ಶೂ ಹಾಕಿದ್ದೆ. "ಬೂಟಿನ್ ವಾಸ್ನೆ ವೋಯ್ತಾ ಸಾ?"

"ನಿನಗೆ... ಗೊತ್ತಿತ್ತಾ?"

"ಬ್ಯಾರನ್ ಕಿಟ್ಕಿ ಗಾಜ್ನಾಗೆ ಕಂಡಿತ್ತು, ಅಷ್ಟೊತ್ಗೆ ಸೊಪ್ ಕೆಟ್ಟೋಗಿತ್ತು. ಮಕಾಡೆ ಬಿದ್ದಿತ್ತು ಪೈಪಿನ್ ಮ್ಯಾಲೆ. ನೀವೇ ಬಂದು ಯೋಳ್ತೀರಿ ಅಂತ ಉಣ್ತಾ ಕುಂತಿದ್ದೆ. ನೀವು ಬಂದ್ರಿ, ಎತ್ಕಂಡ್ ವೋದ್ರಿ, ಟೈರ್ ಅಂದ್ರಿ."

"ನೀನ್ಯಾಕೆ ಹೇಳಲಿಲ್ಲ?"

"ನಿಮ್ ಮಕ ನೋಡಿ ಅಲ್ಲ ಬುಡಿ." ಅವನ ದನಿ ಗಡುಸಾಯಿತು. "ಆ ಅವ್ವ ಗಂಡನ್ ಮುಂದೆ, ಕೂಲಿಯೋರ್ ಮುಂದೆ ತವರ್ ಮನೇನ ತಲೆ ಮ್ಯಾಲೆ ಒತ್ಕಂಡ್ ತಿರುಗ್ತದೆ. ಅದ್ರ ಅಣ್ಣನ್ನ ಕಳ್ಳ ಅಂತ ನನ್ ಬಾಯಾಗೆ ಯೆಂಗ್ ಅನ್ಲಿ? ಅಂದಿದ್ರೂ ನಂಬೋರ್ಯಾರು, ಬೂಟ್ ಆಗ್ಲೇ ಬ್ಯಾರನ್ನಿಂದ ನಿಮ್ ಕಾರ್ ಸೇರಿತ್ತಲ್ಲ."

ಕ್ಷಮಿಸು ಎಂದೆ. ತಪ್ಪಾಯಿತು ಎಂದೆ. ಕಣ್ಣಲ್ಲಿ ನೀರೂ ಬಂತು. ಅವನಿಗೆ ಅದು ಯಾವುದೂ ಬೇಕಿರಲಿಲ್ಲ. "ನನ್ ತಾವ ಅತ್ರೆ ಏನ್ ಬಂತು? ಯಾರ್ ಮುಂದೆ ಅಂದ್ರೋ ಅವ್ರ್ ಮುಂದೆ ಅನ್ನಿ, ಅದೇ ಬ್ಯಾರನ್ ತಾವ. ಆಗ್ ಬತ್ತೀನಿ" ಎಂದು ಮುಂದಿನ ಕಾಯಿ ಎತ್ತಿಕೊಂಡ.

ಆ ಹೆಂಗಸರು ಮತ್ತೆ ಒಟ್ಟಿಗೆ ಸೇರುವುದು ಮುಂದಿನ ಸುಗ್ಗಿಗೆ, ಸೊಪ್ಪು ಕಟ್ಟುವಾಗ. ಆಷಾಢದವರೆಗೆ ಕಾಯಲು ನನಗೆ ಒಳ್ಳೆಯ ನೆಪ ಸಿಕ್ಕಿತು. ಅಷ್ಟರಲ್ಲಿ ತಾತ ಮರೆತಾನು, ಅಥವಾ ಬೇಡ ಅಂದಾನು ಎಂದು ಒಳಗೊಳಗೇ ಆಸೆ ಇತ್ತು. ಇದನ್ನೂ ಬರೆದುಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕು?

ಮೊದಲ ಸೊಪ್ಪು ಕಟ್ಟುವ ದಿನ ಚನ್ನರಾಯಪಟ್ಟಣಕ್ಕೆ ಹೋದೆ. ತಾತ ಮರೆತಿರಲಿಲ್ಲ. ಒಗೆದ ಅಂಗಿ ಹಾಕಿಕೊಂಡು ಕಾರಿನಲ್ಲಿ ಕೂತ. ದಾರಿಯಲ್ಲಿ ಒಂದೇ ಸಲ, "ಗಾಜ್ ಇಳ್ಸಿ ಸಾ, ವಾಸ್ನೆ" ಎಂದ.

ಅಂಗಳದಲ್ಲಿ ಹೆಂಗಸರು ಹಸಿರು ಸೊಪ್ಪಿನ ರಾಶಿಯ ಸುತ್ತ ಕೂತಿದ್ದರು. ಭಾವ ಹೊಸ ಒಲೆಯವನೊಬ್ಬನಿಗಾಗಿ ಫೋನು ಮಾಡುತ್ತಿದ್ದರು. ತಾತ ಕಾರಿನಿಂದ ಇಳಿದದ್ದನ್ನು ನೋಡಿ ಫೋನು ಕೆಳಗಿಳಿಸಿದರು. ತಂಗಿ ಬಾಗಿಲಿಗೆ ಬಂದು ನಿಂತಳು. ದಾರಿಯಲ್ಲಿ ದೊಡ್ಡ ಭಾಷಣವನ್ನೇ ಜೋಡಿಸಿಕೊಂಡಿದ್ದೆ. ಎಲ್ಲ ಮರೆತುಹೋಯಿತು. ಡಿಕ್ಕಿಯಿಂದ ಗೋಣಿಚೀಲ ತಂದು ನಡುವೆ ಸುರಿದೆ. ಒಂದು ಬೂಟು ಸರಿಯಾಗಿತ್ತು, ಇನ್ನೊಂದರ ಅಟ್ಟೆ ಸುಟ್ಟ ರೊಟ್ಟಿಯ ಹಾಗೆ ಮುದುಡಿತ್ತು.

"ಹೋದ ವರ್ಷ ಸುಟ್ಟಿದ್ದು ಟೈರಲ್ಲ, ನನ್ನ ಬೂಟು. ಒಣಗಲಿ ಅಂತ ಕದ್ದು ಒಳಗೆ ಇಟ್ಟಿದ್ದೆ. ತಾತ ಏನೂ ಮಾಡಿಲ್ಲ. ನಾನು ಸುಳ್ಳು ಹೇಳಿದೆ."

ಹೆಂಗಸರು ಸೊಪ್ಪು ಕೆಳಗಿಟ್ಟು ಕತ್ತು ಚಾಚಿ ಬೂಟು ನೋಡಿದರು. ಆಮೇಲೆ ಆ ಬಾಯಿ ಜೋರಿನವಳು, "ಅಯ್ಯೋ ನನ್ ಶಿವ್ನೇ! ಬೂಟ್ ಬೇಯ್ಸಿದ್ರಾ ಸಾ!" ಎಂದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಬಚಾವಾದೆ ಎನಿಸಿ ನಾನೂ ಪೆಚ್ಚಾಗಿ ನಕ್ಕೆ. ನಗುತ್ತಲೇ ತಂಗಿಯ ಕಡೆ ತಿರುಗಿದೆ.

ಅವಳು ನಗುತ್ತಿರಲಿಲ್ಲ. ಬೂಟನ್ನೂ ನೋಡುತ್ತಿರಲಿಲ್ಲ. "ಉಣ್ತಾ ಇದ್ದೋನ್ನ ಎಬ್ಸಿದೆ ಕಣಣ್ಣ" ಎಂದಳು. "ನಿನ್ ಒಂದ್ ಮಾತ್ ನಂಬ್ಕಂಡು, ತಟ್ಟೆ ಮುಂದಿಂದ ಎಬ್ಸಿದೆ."

ನನ್ನ ನಗು ಅಲ್ಲೇ ಸತ್ತುಹೋಯಿತು. ಭಾವ ನನ್ನನ್ನು ದಾಟಿಕೊಂಡು ತಾತನ ಹತ್ತಿರ ಹೋಗಿ, "ಒಲೆ ನೀನೇ ಅತ್ಸು ತಾತ" ಎಂದರು.

ತಾತ ಮೊದಲು ಬ್ಯಾರನ್ ಸುತ್ತ ಒಂದು ಸುತ್ತು ಬಂದ. ಪೈಪು ಬಗ್ಗಿ ನೋಡಿದ, ಬಾಗಿಲು ಹಾಕಿ ತೆಗೆದ. ಆಮೇಲೆ ಜಗಲಿಯ ಆ ತುದಿಯಲ್ಲೇ ಹೋಗಿ ಕೂತ. "ಒಲೆ ಆಮ್ಯಾಲೆ. ಅವತ್ತಿಂದು ಅರ್ಧ ಊಟ ಬಾಕಿ ಐತೆ ಅವ್ವಾ, ಮೊದ್ಲು ಅದ್ನ ಇಕ್ಕು" ಎಂದ.

ತಂಗಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅವನಿಗೆ ಬಡಿಸಿದಳು. ನನಗೂ ತಟ್ಟೆ ಇಟ್ಟಳು, ಅದನ್ನು ತಪ್ಪಿಸಲಿಲ್ಲ. ತಾತ ಗಟ್ಟಿಯಾಗಿ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡ. ಮುದ್ದೆಯ ಪಾತ್ರೆ ಹಿಡಿದು ತಂಗಿ ನನ್ನ ಮುಂದೆ ಹಾಯ್ದು ಒಳಗೆ ಹೋದಳು.

ಆಮೇಲೂ ಎಷ್ಟೋ ಭಾನುವಾರ ಆ ಮನೆಯಲ್ಲಿ ಉಂಡಿದ್ದೇನೆ. ಮಾತಾಡಿಸುತ್ತಾಳೆ, ನೀರು ಕೊಡುತ್ತಾಳೆ, ಮಕ್ಕಳ ಕ್ಷೇಮ ಕೇಳುತ್ತಾಳೆ. ಇನ್ನೊಂದು ಮುದ್ದೆ ಇಕ್ಲಾ ಅಣ್ಣ ಎಂದು ಮಾತ್ರ ಇವತ್ತಿನವರೆಗೂ ಕೇಳಿಲ್ಲ.